ಉಪ್ಪಾಗೆ ಸಿಪ್ಪೆ ಡಬ್ಬಿಯಲ್ಲಿ ಮರಳಿ ಬಂದಾಗ

ಕಳೆದ ವರ್ಷ ನವರಾತ್ರಿಯ ಹೊತ್ತಿಗೆ ಬೆಂಗಳೂರಿನಲ್ಲಿರುವ ಅಣ್ಣನ ಮನೆಗೆ ಹೋಗಿದ್ದಾಗ, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಕಾಫಿಪುಡಿಯ ಡಬ್ಬಿಗೂ ಅತ್ತಿಗೆಯವರ ಥೈರಾಯ್ಡ್ ಮಾತ್ರೆಯ ಬಾಟಲಿಗೂ ನಡುವೆ, ಹಸಿರು ಮುಚ್ಚಳದ ಹೊಸದೊಂದು ಡಬ್ಬಿ ಕಂಡಿತು. ಇಪ್ಪತ್ತು ವರ್ಷಗಳಿಂದ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿರುವ ನನಗೆ ಇಂಥ ಡಬ್ಬಿಗಳ ಹಿಂಬದಿಯ ಸಣ್ಣಕ್ಷರಗಳನ್ನು ಓದುವ ಅಭ್ಯಾಸವಿದೆ. ಮುಂಭಾಗದಲ್ಲಿ ಸೊಂಟಕ್ಕೆ ಅಳತೆಪಟ್ಟಿ ಸುತ್ತಿದ ಹೆಣ್ಣಿನ ಚಿತ್ರ, 'ಸಂಪೂರ್ಣ ನೈಸರ್ಗಿಕ' ಎಂಬ ಬರಹ. ಹಿಂಬದಿಯಲ್ಲಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಗಾರ್ಸಿನಿಯಾ ಕ್ಯಾಂಬೋಜಿಯಾ ಹಣ್ಣಿನ ಸಿಪ್ಪೆಯ ಸಾರ, ಶೇ 60 ಎಚ್‌ಸಿಎ. ಅದರ ಕೆಳಗೆ ಹಸಿರು ಕಾಫಿ ಬೀಜದ ಸಾರ, ಗ್ರೀನ್ ಟೀ ಸಾರ, ಇನ್ನೂ ಕೆಲವು ಸಾರಗಳು.

ಗಾರ್ಸಿನಿಯಾ ಕ್ಯಾಂಬೋಜಿಯಾ ಎಂದರೆ ನಮ್ಮ ಉಪ್ಪಾಗೆ. ಸಿದ್ದಾಪುರದ ನಮ್ಮ ಮನೆಯ ಮೇಲಿನ ಬೆಟ್ಟದಲ್ಲಿ ಅದರ ಏಳು ಮರಗಳಿವೆ. ಆಯಿಯ ಅಡುಗೆಮನೆಯ ಮೂಲೆಯ ಭರಣಿಯಲ್ಲಿ ಕಪ್ಪಗೆ ಒಣಗಿ ಮುರುಟಿಕೊಂಡ ಅದರ ಸಿಪ್ಪೆ ವರ್ಷವಿಡೀ ಇರುತ್ತದೆ, ಹುಣಸೆಹಣ್ಣು ಮುಗಿದ ದಿನ ಸಾರಿಗೆ ಅದೇ ಹುಳಿ. ಅದರ ಬೀಜದಿಂದ ತೆಗೆದ ತುಪ್ಪವನ್ನು ದೋಸೆಗೆ ಹಚ್ಚಿಕೊಂಡು ತಿಂದೇ ನಾವು ಅಣ್ಣತಮ್ಮಂದಿರು ಬೆಳೆದದ್ದು. ಕೊಡಗಿನವರು ಹಂದಿಮಾಂಸದ ಸಾರಿಗೆ ಹಾಕುವ ಕಾಚಂಪುಳಿಯೂ ಇದೇ ಹಣ್ಣಿನ ರಸವನ್ನು ಬತ್ತಿಸಿ ಮಾಡಿದ್ದು. ಹೀಗೆ ಕೈಯಳತೆಯಲ್ಲಿದ್ದ ವಸ್ತುವೊಂದು ಲ್ಯಾಟಿನ್ ಹೆಸರು ಹೊತ್ತು, ತೂಕ ಇಳಿಸುವ ಭರವಸೆಯೊಂದಿಗೆ, ಎರಡು ಸಾವಿರ ರೂಪಾಯಿಗೆ ಅಣ್ಣನ ಮನೆಯ ಕಿಟಕಿಗೆ ಬಂದು ಕೂತದ್ದನ್ನು ಕಂಡು ನಾನು ಬಹಳ ಹೊತ್ತು ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದೆ.

ಅತ್ತಿಗೆಗೆ ಐವತ್ತು ವರ್ಷ. ಮಗಳ ಮದುವೆ ಫೆಬ್ರವರಿಗೆ ನಿಶ್ಚಯವಾಗಿತ್ತು. ಅದೇ ವಸತಿ ಸಮುಚ್ಚಯದಲ್ಲಿರುವ ಪರಿಚಯದ ಮಹಿಳೆಯೊಬ್ಬರು ಬೆಳಗಿನ ವ್ಯಾಯಾಮದ ಗುಂಪು ನಡೆಸುತ್ತಾರೆ. ಅವರೇ ಈ ಡಬ್ಬಿಯನ್ನೂ, ಬೆಳಗಿನ ತಿಂಡಿಯ ಬದಲು ಕುಡಿಯುವ ಸೋಯಾ ಪ್ರೋಟೀನ್ ಪುಡಿಯನ್ನೂ ಕೊಟ್ಟಿದ್ದರು. "ಒಂದೇ ತಿಂಗಳಿಗೆ ನಾಲ್ಕು ಕಿಲೋ ಇಳಿದಿದ್ದೇನೆ, ನೋಡು" ಎಂದು ಅತ್ತಿಗೆ ಹೇಳಿದಾಗ ಅವರ ಮುಖದಲ್ಲಿದ್ದ ಸಂತೋಷ ನಿಜವಾದದ್ದು. ಆ ಸಂತೋಷದ ಎದುರಿಗೆ ನಾನು ನನ್ನ ಅನುಮಾನವನ್ನು ಗಟ್ಟಿಯಾಗಿ ಹೇಳಲಿಲ್ಲ. "ಡಾಕ್ಟರಿಗೆ ಒಮ್ಮೆ ತೋರಿಸಿ ಅತ್ತಿಗೆ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಅದು ಈಗಲೂ ನನ್ನನ್ನು ಕಾಡುತ್ತದೆ, ಈ ಬರಹಕ್ಕೆ ಕಾರಣವೂ ಅದೇ.

ಮಳೆಗಾಲದಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳಕಾಯಿಯಂತೆ ಗೀರು ಗೀರಾದ ಹಳದಿ ಹಣ್ಣು. ಬಿಸಿಲಿಲ್ಲದ ಕಾಲವಾದ್ದರಿಂದ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಹೊಗೆಯಲ್ಲೇ ಒಣಗಿಸಬೇಕು. ನಾನು ಹುಡುಗನಾಗಿದ್ದಾಗ ಅದು ಮನೆಖರ್ಚಿನ ಮಟ್ಟಿಗಿತ್ತು. ತೊಂಬತ್ತರ ದಶಕದಲ್ಲಿ ಒಣಸಿಪ್ಪೆಗೆ ಇದ್ದಕ್ಕಿದ್ದಂತೆ ಬೇಡಿಕೆ ಏರಿತು. ಊರಿನವರು ಟೊಂಗೆ ಕಡಿದು ಕಾಯಿ ಇಳಿಸಿದರು, ಒಣಗಿಸಲು ರಾಶಿ ರಾಶಿ ಕಟ್ಟಿಗೆ ಸುಟ್ಟರು, ಬೇರೊಬ್ಬರ ಕೈಗೆ ಸಿಗಬಾರದೆಂದು ಹಣ್ಣಾಗುವ ಮೊದಲೇ ಕಿತ್ತರು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಫಾರಿನ್ನಿಗೆ, ಅಲ್ಲಿ ಔಷಧ ಮಾಡುತ್ತಾರೆ ಎಂದು ವ್ಯಾಪಾರಿ ಹೇಳುತ್ತಿದ್ದ. ಯಾವ ಔಷಧ ಎಂಬುದು ಅವನಿಗೂ ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ವಿಷಾದದಿಂದ ಹೇಳುತ್ತಾರೆ, ಹತ್ತಿರದ್ದಕ್ಕೆ ಬೆಲೆ ಕೊಡುವುದಿಲ್ಲವೆಂದು. ಉಪ್ಪಾಗೆಯ ಮಟ್ಟಿಗೆ ಆ ಗಾದೆಯನ್ನು ಅಕ್ಷರಶಃ ತೆಗೆದುಕೊಂಡರೇ ಸರಿ ಎಂದು, ಅದರ ಬಗ್ಗೆ ನಡೆದ ಸಂಶೋಧನೆಗಳನ್ನು ಓದಿದ ಮೇಲೆ ನನಗೆ ಅನ್ನಿಸಿದೆ.

ಆ ಸಂಶೋಧನೆಯ ಮೊದಲ ಹೆಜ್ಜೆ ನಮ್ಮ ರಾಜ್ಯದಲ್ಲೇ ನಡೆಯಿತು. ಈ ಹಣ್ಣಿನ ಹುಳಿಗೆ ಕಾರಣವಾದ ಆಮ್ಲ ಯಾವುದು ಎಂಬುದನ್ನು 1965ರಲ್ಲಿ ಸರಿಯಾಗಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಕ್ಕೆ ಬಹಳ ಹತ್ತಿರದ ನೆಂಟನಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅದು; ಡಬ್ಬಿಗಳ ಮೇಲಿನ 'ಎಚ್‌ಸಿಎ' ಅದರದೇ ಸಂಕ್ಷಿಪ್ತ ರೂಪ. ಶರೀರವು ಸಕ್ಕರೆಯ ಅಂಶವನ್ನು ಕೊಬ್ಬಾಗಿ ಮಾರ್ಪಡಿಸುವಾಗ ಬಳಸುವ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆ ಎಂಬುದು ಅದಾದ ಕೆಲವು ವರ್ಷಗಳಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ತಿಳಿಯಿತು. ಇಲಿಗಳಿಗೆ ತಿನ್ನಿಸಿದಾಗ ಅವು ಕಡಿಮೆ ತಿಂದವು, ತೂಕವೂ ಕಡಿಮೆಯಾಯಿತು. ಇಷ್ಟರವರೆಗೆ ಎಲ್ಲವೂ ಸತ್ಯವಾದ, ಶ್ರದ್ಧೆಯಿಂದ ಮಾಡಿದ ವಿಜ್ಞಾನ. ಆದರೆ ಇಲಿಯ ಶರೀರ ಸಕ್ಕರೆಯಿಂದ ಕೊಬ್ಬು ತಯಾರಿಸುವಷ್ಟು ಪ್ರಮಾಣದಲ್ಲಿ ಮನುಷ್ಯನ ಶರೀರ ತಯಾರಿಸುವುದಿಲ್ಲ. ನಮ್ಮ ಮೈಯಲ್ಲಿ ಶೇಖರವಾಗುವ ಕೊಬ್ಬಿನ ಬಹುಪಾಲು ನಾವು ತಿಂದ ಎಣ್ಣೆ, ತುಪ್ಪ, ಕಾಯಿಗಳಿಂದಲೇ ನೇರವಾಗಿ ಬಂದದ್ದು. ಹೆಚ್ಚು ಜನ ಓಡಾಡದ ದಾರಿಗೆ ಬೇಲಿ ಹಾಕಿದರೆ ಊರಿಗೆ ಬರುವವರ ಸಂಖ್ಯೆ ಎಷ್ಟು ಕಡಿಮೆಯಾದೀತು?

ಇದನ್ನು ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷಿಸಿದ ಅಧ್ಯಯನವೊಂದು 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಮೋಸ ಹೋಗುವ ಬಗೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತೂಕ ಹೆಚ್ಚಿದ್ದ 135 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಎಚ್‌ಸಿಎ ಇರುವ ಉಪ್ಪಾಗೆ ಸಾರವನ್ನೂ ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇದ್ದು ಒಳಗೆ ಏನೂ ಇಲ್ಲದ ಹುಸಿ ಗುಳಿಗೆಯನ್ನೂ 12 ವಾರ ಕೊಟ್ಟರು. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ಗೊತ್ತಿಲ್ಲ, ತೂಕ ನೋಡುವವರಿಗೂ ಗೊತ್ತಿಲ್ಲ. ಎರಡೂ ಗುಂಪಿಗೆ ನಾರಿನಂಶ ಹೆಚ್ಚಿರುವ, ದಿನಕ್ಕೆ ಸುಮಾರು 1,200 ಕ್ಯಾಲೊರಿಯ ಒಂದೇ ಬಗೆಯ ಊಟ. ಕೊನೆಗೆ ನೋಡಿದರೆ ಉಪ್ಪಾಗೆ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದಿದ್ದರು. ಹುಸಿ ಗುಳಿಗೆಯವರು 4.1 ಕಿಲೋ ಇಳಿದಿದ್ದರು. ಈ ವ್ಯತ್ಯಾಸ ಆಕಸ್ಮಿಕವಾಗಿ ಬರಬಹುದಾದಷ್ಟೇ ಸಣ್ಣದು, ಆದ್ದರಿಂದ ಹುಸಿ ಗುಳಿಗೆಯೇ ಮೇಲು ಎಂದೇನೂ ಅರ್ಥವಲ್ಲ; ಉಪ್ಪಾಗೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ ಎಂದು ಅರ್ಥ.

ಆ 4.1 ಕಿಲೋ ಎಂಬ ಅಂಕಿಯ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುತ್ತದೆ. ಏನೂ ಇಲ್ಲದ ಗುಳಿಗೆ ನುಂಗಿದ ಒಬ್ಬ ಹೆಣ್ಣುಮಗಳು, ತಾನು ನುಂಗಿದ್ದು ಔಷಧವೆಂದೇ ನಂಬಿ, ಮೂರು ತಿಂಗಳಿಗೆ ನಾಲ್ಕು ಕಿಲೋ ಇಳಿದು, ಅಕ್ಕಪಕ್ಕದ ಹತ್ತು ಮನೆಗಳಿಗೆ ಹೋಗಿ 'ನನಗೆ ಕೆಲಸ ಮಾಡಿದೆ' ಎಂದು ಹೇಳಿದರೆ ಅವಳು ಸುಳ್ಳು ಹೇಳಿದಂತಾಗುವುದಿಲ್ಲ. ತೂಕ ಇಳಿದದ್ದು ನಿಜ, ಇಳಿಸಿದ್ದು ಊಟದಲ್ಲಿನ ಬದಲಾವಣೆ, ಹೆಸರು ಬಂದದ್ದು ಗುಳಿಗೆಗೆ. ತೂಕ ಇಳಿಸುವ ಹೆಚ್ಚಿನ ಡಬ್ಬಿಗಳ ಮೇಲೆ 'ಮಿತವಾದ ಆಹಾರ ಮತ್ತು ವ್ಯಾಯಾಮದೊಂದಿಗೆ ಬಳಸಿ' ಎಂಬ ಸಾಲಿರುವುದನ್ನು ಗಮನಿಸಿ. ಅತ್ತಿಗೆ ಮೊದಲ ತಿಂಗಳು ಬೆಳಗಿನ ತಿಂಡಿ ಬಿಟ್ಟಿದ್ದರು, ರಾತ್ರಿ ಅನ್ನ ಬಿಟ್ಟಿದ್ದರು, ಗುಂಪಿನೊಡನೆ ದಿನಾ ಮುಕ್ಕಾಲು ಗಂಟೆ ನಡೆಯುತ್ತಿದ್ದರು. ಅನ್ನ, ಸಕ್ಕರೆ ಕಡಿಮೆ ಮಾಡಿದ ಮೊದಲ ವಾರದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್ ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರೂ ಮೈಯಿಂದ ಹೊರಗೆ ಹೋಗುತ್ತದೆ. ತಕ್ಕಡಿಯ ಮುಳ್ಳು ಬೇಗ ಹಿಂದೆ ಸರಿಯುವುದಕ್ಕೆ ಅಷ್ಟೇ ಸಾಕು. ಕೆಲವು 'ಸ್ಲಿಮ್ಮಿಂಗ್ ಟೀ'ಗಳು ಸೋನಾಮುಖಿ ಸೊಪ್ಪಿನಿಂದ ಭೇದಿ ಮಾಡಿಸಿ ಇದೇ ಮುಳ್ಳನ್ನು ಇನ್ನಷ್ಟು ಸರಿಸುತ್ತವೆ. ಹೋಗುವುದು ನೀರು ಮತ್ತು ಲವಣ, ಕೊಬ್ಬಲ್ಲ.

ಡಬ್ಬಿಯ ಎರಡನೆಯ ಹೆಸರಾದ ಹಸಿರು ಕಾಫಿಯ ಕತೆ ನಮಗೆ ಇನ್ನೂ ಹತ್ತಿರದ್ದು. ಹುರಿಯದ ಕಾಫಿ ಬೀಜದ ಸಾರ ತೆಗೆದುಕೊಂಡ 16 ಮಂದಿ, ಊಟ ಮತ್ತು ವ್ಯಾಯಾಮದಲ್ಲಿ ಯಾವ ಬದಲಾವಣೆಯೂ ಇಲ್ಲದೆ, 22 ವಾರಗಳಲ್ಲಿ ಸರಾಸರಿ ಎಂಟು ಕಿಲೋ ಇಳಿದರು ಎಂಬ ಪ್ರಬಂಧ 2012ರಲ್ಲಿ ಪ್ರಕಟವಾಯಿತು. ಆ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ. ಅಮೆರಿಕದ ಜನಪ್ರಿಯ ಟೀವಿ ಕಾರ್ಯಕ್ರಮವೊಂದು ಅದನ್ನು ಎತ್ತಿ ಹಿಡಿದದ್ದೇ ತಡ, ಹಸಿರು ಕಾಫಿಯ ಗುಳಿಗೆಗಳು ಭರದಿಂದ ಮಾರಾಟವಾದವು. ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ತನಿಖೆ ಮಾಡಿ, ಪ್ರಯೋಗ ನಡೆಸಿದವರು ಭಾಗವಹಿಸಿದವರ ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಿದ್ದಾರೆ, ಪ್ರಯೋಗದ ಅವಧಿಯನ್ನೇ ಬದಲಾಯಿಸಿದ್ದಾರೆ, ಯಾರು ಸಾರ ತೆಗೆದುಕೊಂಡರು, ಯಾರು ಹುಸಿ ಗುಳಿಗೆ ತೆಗೆದುಕೊಂಡರು ಎಂಬುದನ್ನೂ ತಪ್ಪಾಗಿ ತೋರಿಸಿದ್ದಾರೆ ಎಂದು ಆರೋಪಿಸಿತು. 2014ರಲ್ಲಿ ಆ ಪ್ರಯೋಗಕ್ಕೆ ಹಣ ಕೊಟ್ಟಿದ್ದ ಕಂಪನಿ 35 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು, ಪ್ರಬಂಧವನ್ನು ಅದರ ಲೇಖಕರೇ ಹಿಂತೆಗೆದುಕೊಂಡರು. ಇಷ್ಟೆಲ್ಲ ಆಗಿ ಹತ್ತು ವರ್ಷ ದಾಟಿದ ಮೇಲೂ, ಅದೇ ಬೆಂಗಳೂರಿನ ಒಂದು ಮನೆಯ ಕಿಟಕಿಯಲ್ಲಿ ಆ ಹೆಸರು ಡಬ್ಬಿಯ ಮೇಲಿದೆ. ಪ್ರಬಂಧ ಹಿಂದಕ್ಕೆ ಹೋದಾಗ ಅದರೊಂದಿಗೆ ಅಂಗಡಿಯಲ್ಲಿದ್ದ ಡಬ್ಬಿ ಹಿಂದಕ್ಕೆ ಹೋಗುವುದಿಲ್ಲ. ಹದಿನಾರು ಜನರ ಮೇಲಿನ ಒಂದು ಪ್ರಯೋಗ, ಅದಕ್ಕೆ ಮಾರುವವರದೇ ಹಣ, ನಂಬಲು ಕಷ್ಟವಾಗುವಷ್ಟು ದೊಡ್ಡ ಫಲಿತಾಂಶ: ಈ ಮೂರೂ ಒಟ್ಟಿಗೆ ಕಂಡರೆ ನಿಲ್ಲಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಈಗ ಪ್ರತಿವರ್ಷ ಇದನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ನವೆಂಬರ್ ಕೊನೆಯ ವಾರ ಅಣ್ಣ ಫೋನ್ ಮಾಡಿದ. ಅತ್ತಿಗೆಗೆ ಹದಿನೈದು ದಿನದಿಂದ ಊಟ ಸೇರುತ್ತಿಲ್ಲ, ಮೈಯೆಲ್ಲ ತುರಿಕೆ, ಮೂತ್ರ ಕಡುಹಳದಿ, ಮೆಟ್ಟಿಲು ಹತ್ತಿದರೆ ಕೂರಬೇಕು ಅನ್ನಿಸುವಷ್ಟು ನಿಶ್ಶಕ್ತಿ. ತಿನ್ನುವುದು ಕಡಿಮೆಯಾಗಿದೆಯಲ್ಲ, ಅದಕ್ಕೆ ಇರಬೇಕು ಎಂದು ಅವರೂ, ಔಷಧ ಮೈಗೆ ಹತ್ತುವಾಗ ಹೀಗಾಗುತ್ತದೆ, ವಿಷ ಹೊರಗೆ ಹೋಗುತ್ತಿದೆ ಎಂದು ಗುಂಪಿನವರೂ ಹೇಳಿ ಎರಡು ವಾರ ಕಳೆದಿತ್ತು. ರಕ್ತಪರೀಕ್ಷೆಯಲ್ಲಿ, ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕಾದ, ಯಕೃತ್ತಿಗೆ ಪೆಟ್ಟಾದಾಗ ಏರುವ ಕಿಣ್ವ ಎಸ್‌ಜಿಪಿಟಿ 612 ಇತ್ತು. ಕಾಮಾಲೆಗೆ ಕಾರಣವಾಗುವ ಹಳದಿ ವರ್ಣಕ ಬಿಲಿರುಬಿನ್ 4.8. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ನಾನು ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಅವರೊಡನೆ ವೈದ್ಯರಲ್ಲಿಗೆ ಹೋದೆ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ಯಾವ ಔಷಧ ತಗೊಳ್ತಾ ಇದ್ದೀರಿ ಅಮ್ಮ?" ಅತ್ತಿಗೆ ಉತ್ತರಿಸಿದರು, "ಥೈರಾಯ್ಡ್ ಮಾತ್ರೆ ಒಂದೇ. ಬೇರೆ ಏನೂ ಇಲ್ಲ."

ಅವರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಹಸಿರು ಮುಚ್ಚಳದ ಡಬ್ಬಿ ಔಷಧವೆಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ, ಅಷ್ಟೇ. ಅದು ನೈಸರ್ಗಿಕ, ಅದು ಹಣ್ಣು, ಅದನ್ನು ಕೊಟ್ಟದ್ದು ಪರಿಚಯದವರು, ಅದಕ್ಕೆ ಚೀಟಿ ಬರೆಸಬೇಕಾಗಿರಲಿಲ್ಲ. ನಾನು ಚೀಲದಿಂದ ಡಬ್ಬಿಯನ್ನೂ ಪುಡಿಯನ್ನೂ ತೆಗೆದು ಮೇಜಿನ ಮೇಲಿಟ್ಟೆ. ವೈದ್ಯರು ಹಿಂಬದಿಯ ಸಾಲುಗಳನ್ನು ಬೆರಳಿಟ್ಟು ಓದಿದರು. ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗಳಿಗೆ ಬರೆದುಕೊಟ್ಟು, ಇವತ್ತಿನಿಂದ ಇದು ಬಂದ್ ಎಂದರು. ಬೆಳಗಿನ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆಯ ಬೆನ್ನಿಗೇ ಸೋಯಾ ಪುಡಿ ಕುಡಿಯುತ್ತಿದ್ದುದರಿಂದ ಮಾತ್ರೆ ಮೈಗೆ ಸರಿಯಾಗಿ ಸೇರುತ್ತಿರಲಿಲ್ಲ ಎಂಬುದೂ ಥೈರಾಯ್ಡ್ ಮಟ್ಟ ತೋರಿಸುವ ಅಂದಿನ ಟಿಎಸ್‌ಎಚ್ ವರದಿಯಿಂದ ತಿಳಿಯಿತು. ಸೋಯಾ, ನಾರಿನ ಪುಡಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇವೆಲ್ಲ ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ಅನ್ನು ಮೈ ಹೀರಿಕೊಳ್ಳುವುದನ್ನು ತಡೆಯುತ್ತವೆ. ಥೈರಾಯ್ಡ್ ಕಡಿಮೆಯಾದರೆ ತೂಕ ಏರುತ್ತದೆ. ತೂಕ ಇಳಿಸಲೆಂದು ಕುಡಿದದ್ದು ತೂಕ ಏರಿಸುವ ಕಾರಣವನ್ನೇ ಬಲಪಡಿಸುತ್ತಿತ್ತು.

ಹೆಪಟೈಟಿಸ್ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಡಬ್ಬಿ ನಿಲ್ಲಿಸಿದ ಮೇಲೆ ಎಸ್‌ಜಿಪಿಟಿ ವಾರದಿಂದ ವಾರಕ್ಕೆ ಇಳಿದು ಏಳನೆಯ ವಾರ ಸಹಜ ಮಟ್ಟಕ್ಕೆ ಬಂತು. ಆ ಡಬ್ಬಿಯೇ ಕಾರಣ ಎಂದು ಸಾಬೀತು ಮಾಡಲು ಸಾಧ್ಯವಿಲ್ಲ, ಅದರಲ್ಲಿ ಏಳೆಂಟು ಸಾರಗಳಿವೆ, ಬರೆದಿರದ ವಸ್ತು ಏನಿದೆಯೋ ತಿಳಿಯದು, ಆದರೆ ಬೇರೆ ಕಾರಣ ತಮಗೆ ಕಾಣುತ್ತಿಲ್ಲ ಎಂದು ವೈದ್ಯರು ಹೇಳಿದರು. ಅವರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ನಾನೂ ಇಲ್ಲಿ ಹೇಳುವುದಿಲ್ಲ.

ಉಪ್ಪಾಗೆ ಸಾರದಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟು ದಾಖಲಾಗಿವೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಹೈಡ್ರಾಕ್ಸಿಕಟ್ ಹೆಸರಿನ ತೂಕ ಇಳಿಸುವ ಉತ್ಪನ್ನಗಳನ್ನು ಬಳಸಬೇಡಿ ಎಂದು ಎಚ್ಚರಿಸಿದಾಗ ಅದರ ಮುಂದೆ ಯಕೃತ್ತಿನ ತೊಂದರೆಯ 23 ವರದಿಗಳಿದ್ದವು, ಅವುಗಳಲ್ಲಿ ಒಂದು ಸಾವಿನದು; ಆ ಉತ್ಪನ್ನಗಳಲ್ಲಿ ಕೆಲವದರಲ್ಲಿ ಗಾರ್ಸಿನಿಯಾ ಇತ್ತು, ಜೊತೆಗೆ ಬೇರೆ ಹಲವು ಸಾರಗಳೂ ಇದ್ದವು. ಗ್ರೀನ್ ಟೀ ಸಾರದಲ್ಲಿರುವ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿತು. ಇಂಥ ಪೆಟ್ಟು ಎಲ್ಲರಿಗೂ ಬೀಳುವುದಿಲ್ಲ, ಬೀಳುವವರು ವಿರಳ. ಹೀಗೆ ತೊಂದರೆಗೊಳಗಾದವರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದು ವಂಶವಾಹಿ ರೂಪ ಸಾಮಾನ್ಯಕ್ಕಿಂತ ಹೆಚ್ಚಾಗಿ ಕಂಡುಬಂದಿದೆ. 'ನಾನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ, ನನಗೇನೂ ಆಗಿಲ್ಲ' ಎಂಬ ಗುಂಪಿನ ಗೆಳತಿಯ ಮಾತು ಅವಳ ಮಟ್ಟಿಗೆ ನಿಜವಾಗಿದ್ದೂ ಅತ್ತಿಗೆಯ ಮಟ್ಟಿಗೆ ಯಾವ ಭರವಸೆಯನ್ನೂ ಕೊಡದಿರುವುದು ಇದರಿಂದಲೇ.

ನಾವು ತಲೆತಲಾಂತರದಿಂದ ತಿಂದಿದ್ದೇವಲ್ಲ ಎಂಬ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಂಡೆ. ಒಣಸಿಪ್ಪೆಯಲ್ಲಿ ಎಚ್‌ಸಿಎ ಸುಮಾರು ಶೇ 10ರಿಂದ 30ರವರೆಗೆ ಇರುತ್ತದೆ. ಮಧ್ಯದ ಲೆಕ್ಕ ಹಿಡಿದರೆ, ದಿನಕ್ಕೆ 1,500 ಮಿಲಿಗ್ರಾಂ ಎಂದರೆ ಒಬ್ಬರೇ ದಿನವೂ ಏಳೆಂಟು ಗ್ರಾಂ ಒಣಸಿಪ್ಪೆಯನ್ನು ಪೂರ್ತಿಯಾಗಿ ತಿಂದಂತೆ. ಆಯಿ ಆರು ಜನರ ಸಾರಿಗೆ ಹಾಕುವುದು ಎರಡು ಮೂರು ತುಣುಕು, ಅದೂ ಬೆಂದ ಮೇಲೆ ಸಿಪ್ಪೆಯನ್ನು ಬದಿಗೆ ತೆಗೆದಿಡುತ್ತಾಳೆ, ಅದೂ ಎಂದಾದರೊಮ್ಮೆ. ಅಡುಗೆಯ ಹುಳಿಗೂ ತಿಂಗಳುಗಟ್ಟಲೆ ನುಂಗುವ ಸಾರಕ್ಕೂ ಹೆಸರೊಂದೇ ಸಮಾನ. ಅಡುಗೆಮನೆಯ ಮುಗ್ಧತೆಯನ್ನು ತೋರಿಸಿ ಔಷಧದ ಬಲವನ್ನು ಮಾರುವುದು, ಆದರೆ ಔಷಧಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದಾಗ ಇದು ಬರೀ ಆಹಾರ ಎನ್ನುವುದು, ಈ ವ್ಯಾಪಾರದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಸಂಗತಿ. ಮೈಯ ಮೇಲೆ ಪರಿಣಾಮ ಮಾಡುವಷ್ಟು ಶಕ್ತಿ ಇರುವುದಾದರೆ ಅಪಾಯ ಮಾಡುವಷ್ಟು ಶಕ್ತಿಯೂ ಇರಬಹುದು. ಆ ಶಕ್ತಿಯೇ ಇಲ್ಲದಿದ್ದರೆ ಎರಡು ಸಾವಿರ ರೂಪಾಯಿ ಯಾತಕ್ಕೆ?

ಡಬ್ಬಿಯಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದು ಹೆಚ್ಚು ಅಪಾಯಕಾರಿಯಾಗಿರುವುದೂ ಉಂಟು. ಎಫ್‌ಡಿಎ 2007ರಿಂದ 2016ರವರೆಗೆ ಕಲಬೆರಕೆಯೆಂದು ಪತ್ತೆಹಚ್ಚಿದ 776 ಪೂರಕ ಉತ್ಪನ್ನಗಳ ಪಟ್ಟಿಯನ್ನು ಸಂಶೋಧಕರು ಪರಿಶೀಲಿಸಿದಾಗ ಅವುಗಳಲ್ಲಿ 317 ತೂಕ ಇಳಿಸುವವು, ಆ 317ರ ಪೈಕಿ 269ರಲ್ಲಿ ಸಿಬುಟ್ರಮಿನ್ ಬೆರೆತಿತ್ತು. ಸಿಬುಟ್ರಮಿನ್ ಒಂದು ಕಾಲದಲ್ಲಿ ವೈದ್ಯರೇ ಬರೆಯುತ್ತಿದ್ದ ಹಸಿವು ತಗ್ಗಿಸುವ ಔಷಧ. ಹೃದಯದ ತೊಂದರೆ ಅಥವಾ ಮಧುಮೇಹ ಇದ್ದ ಸುಮಾರು 9,800 ಮಂದಿಯ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಹುಸಿ ಗುಳಿಗೆಯವರಲ್ಲಿ ಶೇ 10ರಷ್ಟು, ಇದನ್ನು ನುಂಗಿದವರಲ್ಲಿ ಶೇ 11.4ರಷ್ಟು ಕಂಡವು. 2010ರಲ್ಲಿ ಯುರೋಪು ಮತ್ತು ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು, 2011ರ ಫೆಬ್ರವರಿಯಲ್ಲಿ ಭಾರತವೂ ನಿಷೇಧಿಸಿತು. ನಿಷೇಧವಾದ ಮೇಲೆ ಅದು ಗಿಡಮೂಲಿಕೆಯ ಹೆಸರಿನ ಗುಳಿಗೆಗಳೊಳಗೆ ಅವಿತುಕೊಂಡಿತು. ಯಾವುದಾದರೂ 'ಮೂಲಿಕೆ' ವಾರದೊಳಗೆ ಹಸಿವನ್ನೇ ಕೊಂದು, ಎದೆ ಡವಗುಟ್ಟಿಸಿ, ನಿದ್ದೆ ಕೆಡಿಸಿದರೆ ಅದರ ಗುಣವನ್ನು ಮೆಚ್ಚುವ ಮೊದಲು ಭಯಪಡಬೇಕು.

ತೂಕ ಇಳಿಸಲು ವೈದ್ಯರು ಬರೆದುಕೊಟ್ಟ ಔಷಧಗಳ ಇತಿಹಾಸವೂ ನಿರಾಳವಾಗಿಲ್ಲ. 1930ರ ದಶಕದಲ್ಲಿ ಅಮೆರಿಕನ್ನರು ತೂಕ ಇಳಿಸಲೆಂದು ನುಂಗಿದ ಡೈನೈಟ್ರೊಫಿನಾಲ್, ಸಿಡಿಮದ್ದಿನ ಕಾರ್ಖಾನೆಯಿಂದ ಬಂದ ರಾಸಾಯನಿಕ; ಅದು ಮೈಯೊಳಗಿನ ಶಕ್ತಿಯನ್ನು ಬರೀ ಶಾಖವಾಗಿ ಉರಿಸುತ್ತದೆ, ತೂಕ ಇಳಿಯುವುದೂ ನಿಜ, ಜ್ವರ ಏರಿ ಸಾಯುವುದೂ ಕಣ್ಣಿಗೆ ಪೊರೆ ಬರುವುದೂ ನಿಜ. ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು 1997ರಲ್ಲಿ ಹಿಂದೆಗೆಯಲಾಯಿತು. ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ತರುತ್ತದೆಂದು ರಿಮೊನಬಾಂಟನ್ನು ಯುರೋಪು 2008ರಲ್ಲಿ ತಡೆಯಿತು, ಭಾರತ 2009ರಲ್ಲಿ ನಿಷೇಧಿಸಿತು. ಇವುಗಳ ಕೆಡುಕು ಬೆಳಕಿಗೆ ಬಂದದ್ದು ಯಾರೋ ಲೆಕ್ಕ ಇಟ್ಟಿದ್ದರಿಂದ. ಡಬ್ಬಿಯ ಪುಡಿಗಳಿಗೆ ಅಂಥ ಲೆಕ್ಕ ಇಡುವವರು ಬಹಳ ಕಡಿಮೆ.

ಅತ್ತಿಗೆ ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಹುಡುಕಬೇಕಾಯಿತು: "ಇದರ ಮೇಲೆ ಸರ್ಕಾರದ ನಂಬರ್ ಇದೆಯಲ್ಲ?" ಇತ್ತು, ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಅದು ಆಹಾರ ತಯಾರಿಸುವ ಅಥವಾ ಮಾರುವ ಉದ್ದಿಮೆಗೆ ಕೊಟ್ಟ ಪರವಾನಗಿ. ಉಪ್ಪಿನಕಾಯಿ ಮಾರುವವರಿಗೂ ಅದೇ ಬಗೆಯ ಸಂಖ್ಯೆ ಇರುತ್ತದೆ. ಒಳಗಿರುವುದು ತೂಕ ಇಳಿಸುತ್ತದೆ ಎಂದು ಸರ್ಕಾರ ಪರೀಕ್ಷಿಸಿ ಒಪ್ಪಿದೆ ಎಂಬ ಅರ್ಥ ಅದಕ್ಕಿಲ್ಲ. ಪೂರಕ ಆಹಾರಗಳ ಕುರಿತ ನಿಯಮಗಳ ಪ್ರಕಾರ ಇಂಥ ಡಬ್ಬಿಗಳ ಮೇಲೆ 'ಔಷಧವಾಗಿ ಬಳಸುವುದಕ್ಕಲ್ಲ' ಎಂದು ನಮೂದಿಸಬೇಕು. ಅತ್ತಿಗೆಯ ಡಬ್ಬಿಯ ಮೇಲೂ ಆ ಸಾಲಿತ್ತು, ಬಾರ್‌ಕೋಡಿನ ಪಕ್ಕದಲ್ಲಿ, ಇಂಗ್ಲಿಷಿನಲ್ಲಿ. ಬೊಜ್ಜನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ, ಅದರ ಅನುಸೂಚಿಯಲ್ಲಿ ಬೊಜ್ಜಿನ ಹೆಸರು ಇದೆ. ಎಪ್ಪತ್ತು ವರ್ಷ ಹಳೆಯ ಈ ಕಾಯ್ದೆಯ ಕಣ್ಣೆದುರೇ ಪ್ರತಿದಿನ ನಮ್ಮ ಫೋನುಗಳಿಗೆ ಬರುವ ಜಾಹೀರಾತುಗಳನ್ನು ನೋಡಿದರೆ, ಕಾನೂನು ಇಲ್ಲದಿರುವುದಕ್ಕಿಂತ ಅದನ್ನು ಜಾರಿಗೆ ತರುವವರಿಲ್ಲದಿರುವುದೇ ನಮ್ಮ ಕೊರತೆ ಎಂದು ನನಗೆ ಅನ್ನಿಸುತ್ತದೆ.

ತೂಕ ಇಳಿಸುವ ಎಲ್ಲವೂ ಮೋಸ ಎಂದು ನಾನು ಹೇಳುತ್ತಿಲ್ಲ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಬಂದ ಸೆಮಗ್ಲುಟೈಡ್ ಚುಚ್ಚುಮದ್ದುಗಳು ಪರಿಣಾಮಕಾರಿ. 1,961 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಮಗ್ಲುಟೈಡ್ ಪಡೆದವರು 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ತೂಕ ಇಳಿದರು, ಹುಸಿ ಮದ್ದಿನವರು ಶೇ 2.4ರಷ್ಟು. ಪರೀಕ್ಷೆಗೆ ಒಡ್ಡಿಕೊಂಡು ಗೆದ್ದ ಔಷಧ ಹೀಗೆ ತನ್ನ ಅಂಕಿಗಳನ್ನು ಮುಂದಿಡುತ್ತದೆ. ಅದರೊಂದಿಗೆ ವಾಕರಿಕೆ, ವಾಂತಿ, ಪಿತ್ತಕೋಶದ ಕಲ್ಲು, ವಿರಳವಾಗಿ ಮೇದೋಜೀರಕ ಗ್ರಂಥಿಯ ಉರಿಯೂತದ ಸಂಗತಿಯನ್ನೂ, ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿದ್ದವರು ತೆಗೆದುಕೊಳ್ಳಬಾರದೆಂಬ ಎಚ್ಚರಿಕೆಯನ್ನೂ ಮುಂದಿಡುತ್ತದೆ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂತೆಂಬುದನ್ನು ಅದೇ ಅಧ್ಯಯನದ ಮುಂದುವರಿಕೆ ತಿಳಿಸಿತು. ಬೊಜ್ಜು ರಕ್ತದೊತ್ತಡದಂತೆ ದೀರ್ಘಕಾಲದ ಸಮಸ್ಯೆ ಎಂಬುದನ್ನು ಇದು ಎತ್ತಿ ತೋರಿಸುತ್ತದೆ, ಮೂರು ತಿಂಗಳ ಪ್ಯಾಕೇಜಿನಿಂದ ಮುಗಿಯುವ ಲೆಕ್ಕ ಇದಲ್ಲ. ಇಂಥ ಮದ್ದಿಗೆ ಬೇಡಿಕೆ ಹೆಚ್ಚಿದ ಹಾಗೆ ನಕಲಿಯೂ ಹುಟ್ಟಿಕೊಂಡಿದೆ. ನಕಲಿ ಸೆಮಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ವೈದ್ಯರ ಚೀಟಿ ಇಲ್ಲದೆ, ಬ್ಯೂಟಿ ಪಾರ್ಲರಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಸಿಗುವ ಚುಚ್ಚುಮದ್ದನ್ನು ಯಾರೂ ಮೈಗೆ ಚುಚ್ಚಿಕೊಳ್ಳಬಾರದು.

ಇಷ್ಟೆಲ್ಲ ಓದಿದ ನಾನು ಅತ್ತಿಗೆಯ ಮೇಲೆ ತಪ್ಪು ಹೊರಿಸಲಾರೆ. ನಿಶ್ಚಿತಾರ್ಥದ ದಿನ ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ ನೆಂಟರೊಬ್ಬರು, ಹುಡುಗಿಯ ತಾಯಿ ಹೀಗೆ ಊದಿದರೆ ಫೋಟೋದಲ್ಲಿ ಹಿಡಿಸುವುದು ಹೇಗೆ ಎಂದು ಎಲ್ಲರೆದುರು ಕೇಳಿದ್ದರಂತೆ. ಅದನ್ನು ಅತ್ತಿಗೆ ನನಗೆ ಹೇಳಿದ್ದು ಕಾಮಾಲೆ ಇಳಿದ ಮೇಲೆ, ಒಂದು ಮಧ್ಯಾಹ್ನ, ಅವರೆಕಾಳು ಸುಲಿಯುತ್ತಾ, ತಲೆ ಎತ್ತದೆ. ಥೈರಾಯ್ಡ್ ಇರುವ, ಮುಟ್ಟು ನಿಲ್ಲುತ್ತಿರುವ ವಯಸ್ಸಿನ, ಹಗಲಿಡೀ ಕೂತು ಕೆಲಸ ಮಾಡುವ ಹೆಂಗಸಿಗೆ ತೂಕ ಇಳಿಸುವುದು ನಿಜಕ್ಕೂ ಕಷ್ಟ. ವೈದ್ಯರ ಹತ್ತಿರ ಹೋದರೆ ಸ್ವಲ್ಪ ತೂಕ ಇಳಿಸಿ ಎಂದು ಎರಡು ನಿಮಿಷದಲ್ಲಿ ಹೇಳಿ ಕಳಿಸುತ್ತಾರೆ. ಹೇಗೆ ಎಂದು ಕೂತು ಮಾತಾಡುವವರು ಬೆಳಗಿನ ಗುಂಪಿನ ಆ ಮಹಿಳೆಯೊಬ್ಬರೇ ಆಗಿದ್ದರು. ದಿನಾ ಫೋನ್ ಮಾಡಿ ವಿಚಾರಿಸುತ್ತಿದ್ದರು, ಇಳಿದ ಪ್ರತಿ ಕಿಲೋಗೂ ಚಪ್ಪಾಳೆ ತಟ್ಟಿಸುತ್ತಿದ್ದರು. ಅತ್ತಿಗೆ ಕೊಂಡದ್ದರಲ್ಲಿ ಈ ಅಕ್ಕರೆಯ ಪಾಲೂ ಇತ್ತು, ಅದರ ಅಗತ್ಯವೂ ಅವರಿಗಿತ್ತು. ಅದನ್ನು ಮನೆಯವರಾದ ನಾವು ಕೊಡಲಿಲ್ಲ.

ವೈದ್ಯರ ಸಲಹೆಯಂತೆ ಈ ಘಟನೆಯನ್ನು ಔಷಧಗಳ ಅಡ್ಡಪರಿಣಾಮಗಳ ಲೆಕ್ಕ ಇಡುವ ಸರ್ಕಾರದ ಫಾರ್ಮಕೊವಿಜಿಲೆನ್ಸ್ ವ್ಯವಸ್ಥೆಗೆ ವರದಿ ಮಾಡಿದೆವು. 1800-180-3024 ಎಂಬ ಉಚಿತ ದೂರವಾಣಿಗೆ ಯಾರು ಬೇಕಾದರೂ ತಿಳಿಸಬಹುದು ಎಂಬುದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಫಾರ್ಮ್ ತುಂಬಲು ಕಾಲು ಗಂಟೆ ಹಿಡಿಯಿತು. ಡಬ್ಬಿಯ ಬ್ಯಾಚ್ ಸಂಖ್ಯೆ ಬೇಕಾದ್ದರಿಂದ, ಅದನ್ನು ಎಸೆಯದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ಮದುವೆ ಫೆಬ್ರವರಿಯಲ್ಲಿ ಚೆನ್ನಾಗಿ ನಡೆಯಿತು. ಅತ್ತಿಗೆ ಈಗಲೂ ಬೆಳಗ್ಗೆ ನಡೆಯುತ್ತಾರೆ, ಈಗ ಜೊತೆಗೆ ಅಣ್ಣನೂ ಹೋಗುತ್ತಾನೆ. ಥೈರಾಯ್ಡ್ ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ತಿಂಡಿ ತಿನ್ನುತ್ತಾರೆ. ಕಳೆದ ತಿಂಗಳು ಅವರನ್ನು ಮರುಪರೀಕ್ಷೆಗೆ ಕರೆದುಕೊಂಡು ಹೋದಾಗ, ವೈದ್ಯರು ಮತ್ತದೇ ಪ್ರಶ್ನೆ ಕೇಳಿದರು, ಅತ್ತಿಗೆ ಕೈಚೀಲದಿಂದ ನೋಟುಪುಸ್ತಕದ ಒಂದು ಹಾಳೆಯನ್ನು ತೆಗೆದು ಕೊಟ್ಟರು. ಮೊದಲ ಸಾಲು ಥೈರಾಯ್ಡ್ ಮಾತ್ರೆ, 75. ಎರಡನೆಯದು ವಿಟಮಿನ್ ಡಿ, ಭಾನುವಾರ. ಮೂರನೆಯದು ಜೀರಿಗೆ ಕಷಾಯ, ರಾತ್ರಿ ಒಂದು ಲೋಟ. ಕೊನೆಯ ಸಾಲಿನಲ್ಲಿ, ಊರಿನಿಂದ ಆಯಿ ಕಟ್ಟಿ ಕಳಿಸಿದ್ದ ಪೊಟ್ಟಣದ ಲೆಕ್ಕವನ್ನೂ ಬರೆದಿದ್ದರು: ಉಪ್ಪಾಗೆ ಸಿಪ್ಪೆ, ಸಾರಿಗೆ ಎರಡು ತುಣುಕು, ಹದಿನೈದು ದಿನಕ್ಕೊಮ್ಮೆ, ಇದು ಪರವಾಗಿಲ್ಲವೇ? ವೈದ್ಯರು ಅದನ್ನು ಪೂರ್ತಿ ಓದಿ, ಕೊನೆಯ ಸಾಲಿನ ಎದುರು ಪೆನ್ನಿನಿಂದ ಸರಿ ಗುರುತು ಹಾಕಿ, ಹಾಳೆಯನ್ನು ಫೈಲಿನೊಳಗೆ ಸೇರಿಸಿಕೊಂಡರು.